ರಾಣಿಗೆ ಅಡ್ಡ ಬಂದ ಮೀಸೆ

ನಾಟಕದ ವೇಷ ಬಾಡಿಗೆಗೆ ಕೊಟ್ಟು ಬಣ್ಣ ಹಚ್ಚುವವನು ನಾನು, ಮಧುಗಿರಿಯ ಅಶ್ವತ್ಥ. ಮೂವತ್ತು ವರ್ಷದಲ್ಲಿ ಎಂಥೆಂಥ ಮೋರೆಗಳನ್ನೋ ರಾಜನ ಮೋರೆ ಮಾಡಿದ್ದೇನೆ. ಆದರೆ ದೊಡ್ಡೇರಿಯಲ್ಲಿ ಆ ಬೆಳಿಗ್ಗೆ ಒಂದು ಮೋರೆಗೆ ಕೈ ಹಚ್ಚಲು ನಾನು ಹಿಂಜರಿದದ್ದು ನಿಜ.

ಹತ್ತಕ್ಕೆ ನಾಟಕ ಶುರುವಾಗಬೇಕಿತ್ತು. ಒಂಬತ್ತಕ್ಕೆ ಶಿರಾದಿಂದ ಫೋನು ಬಂತು: ರಾಣಿ ಪಾತ್ರದ ಕಲಾವಿದೆಗೆ ವಾಂತಿಭೇದಿ, ಆಸ್ಪತ್ರೆಯಲ್ಲಿ ಡ್ರಿಪ್ ಹಾಕಿದ್ದಾರಂತೆ. ನಮ್ಮ ಕಡೆ ಹೆಣ್ಣು ಪಾತ್ರದವರು ನಾಟಕದ ದಿನವೇ ಬರುವುದು ವಾಡಿಕೆ. ಅಲ್ಲಿಯವರೆಗೆ ಅಭ್ಯಾಸದಲ್ಲಿ ಅವರ ಮಾತು ಹೇಳಲು ಊರಿನವನೊಬ್ಬ ಬೇಕು. ಮೂರು ತಿಂಗಳಿಂದ ರಾಣಿಯ ಮಾತು ಹೇಳಿ ಹೇಳಿ ಬಾಯಿಪಾಠ ಮಾಡಿಕೊಂಡಿದ್ದವನು ಕುರಿ ಸಾಕುವ ಗಂಗಣ್ಣನ ಮಗ ರಂಗರಾಜು. ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು, ಅಲ್ಲಿಂದ ಅವನ ಮೀಸೆಯ ಮೇಲೆ.

ಹುರಿ ಮೀಸೆ. ಎಷ್ಟು ಬಣ್ಣ ಬಳಿದರೂ ಮುಚ್ಚುವಂಥದ್ದಲ್ಲ. ನಾನು ಬ್ಲೇಡು ತೆಗೆದೆ. ರಂಗರಾಜು ನನ್ನ ಕೈ ಹಿಡಿದುಕೊಂಡ.

ಅವರ ಮನೆತನದಲ್ಲಿ ಅಪ್ಪ ತೀರಿಕೊಂಡಾಗ ಮಾತ್ರ ಮಗ ಮೀಸೆ ತೆಗೆಯುವುದು. ಅಪ್ಪ ಇರುವಾಗ ತೆಗೆದರೆ ಸಾವನ್ನು ಕರೆದಂತೆ. ಅದೂ ಗಂಗಣ್ಣನಿಗೆ ಎದೆನೋವು ಬಂದು ಸ್ಟೆಂಟ್ ಹಾಕಿ ಇನ್ನೂ ಎರಡು ತಿಂಗಳು. ಇಂಥವನ್ನೆಲ್ಲ ನಂಬದವನು ನಾನು, ಆದರೆ ಬ್ಲೇಡು ನನ್ನ ಕೈಯಲ್ಲಿತ್ತು. ನಾಳೆ ಏನಾದರೂ ಆದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಹೊರಗೆ ಜನ ಸಿಳ್ಳೆ ಹಾಕತೊಡಗಿದ್ದರು. ಹಾರ್ಮೋನಿಯಂ ಮೇಷ್ಟ್ರು ಒಂದೇ ಹಾಡನ್ನು ಮೂರನೇ ಸಲ ನುಡಿಸುತ್ತಿದ್ದರು. ರಂಗರಾಜು ತನ್ನಿಂದಾಗಲ್ಲ ಎಂದು ಉಟ್ಟಿದ್ದ ಸೀರೆ ಬಿಚ್ಚತೊಡಗಿದ.

ಮುಂದಿನ ಸಾಲಿನಲ್ಲಿದ್ದ ಗಂಗಣ್ಣನಿಗೆ ಯಾರೋ ಸುದ್ದಿ ಮುಟ್ಟಿಸಿದ್ದರು. ಅವರು ಏದುಸಿರು ಬಿಡುತ್ತ ಪರದೆ ಸರಿಸಿ ಒಳಗೆ ಬಂದಾಗ ನಾನು ಬ್ಲೇಡನ್ನು ಬೆನ್ನ ಹಿಂದೆ ಬಚ್ಚಿಟ್ಟೆ. ಬೈಗುಳಕ್ಕೆ ಸಿದ್ಧನಾಗಿಯೇ ನಿಂತಿದ್ದೆ. ಅವರು ನನ್ನ ಟ್ರಂಕಿನ ಮೇಲೆ ಕೂತು ಮಗನನ್ನು ಹತ್ತಿರ ಕರೆದರು.

"ನಾನ್ ಸತ್ತಾಗ ಹೆಂಗೂ ತೆಗೀತೀಯ. ಅವತ್ತು ನಿನ್ ಮಕ ನೋಡಾಕೆ ನಾನಿರಾಕಿಲ್ಲ. ಇವತ್ತೇ ನೋಡ್ಬುಡ್ತೀನಿ, ಕುಂತ್ಕೊಳ್ಳಲಾ."

ರಂಗರಾಜು ಅಳುತ್ತಿದ್ದ. ಮುಖ ಅಲುಗದಂತೆ ಗಂಗಣ್ಣನೇ ಅವನ ಗದ್ದ ಹಿಡಿದುಕೊಂಡರು. ನಾನು ನಂಬದ ದೇವರನ್ನೆಲ್ಲ ನೆನೆದು ಕೆಲಸ ಮುಗಿಸಿದೆ. ಮೀಸೆ ಹೋದ ಜಾಗ ಬೆಳ್ಳಗಿತ್ತು. ಗಂಗಣ್ಣ ಅದರ ಮೇಲೆ ಹೆಬ್ಬೆರಳು ಆಡಿಸಿ ಬಹಳ ಹೊತ್ತು ನೋಡಿದರು.

"ಅವತ್ತು ಇಂಗ್ ಕಾಣ್ತೀಯ ಅನ್ನು" ಎಂದು ಎದ್ದು ಹೋಗಿ ಮತ್ತೆ ಮುಂದಿನ ಸಾಲಿನಲ್ಲಿ ಕೂತರು.