ಟೆರೇಸಿನ ಕೋಣೆಗೆ ಶಾಂತಿ

ಸಿಂಗಸಂದ್ರದ ಹನುಮಂತರಾಯಪ್ಪನವರ ಮೂರಂತಸ್ತಿನ ಕಟ್ಟಡದಲ್ಲಿ ಬಾಡಿಗೆಗೆ ಕೊಡದ ಕೋಣೆ ಒಂದೇ ಒಂದು, ಟೆರೇಸಿನ ಮೇಲಿನದು. ಅದರೊಳಗೆ ಹಾಡುಹಗಲೇ ಯಾರೋ ಓಡಾಡುತ್ತಾರೆ, ತಮ್ಮಷ್ಟಕ್ಕೆ ಗೊಣಗುತ್ತಾರೆ ಎಂದು ಬಾಡಿಗೆಯವರು ಹೇಳತೊಡಗಿದ್ದರು. ಬಟ್ಟೆ ಒಣಹಾಕಲು ಹೋದ ಬಾಡಿಗೆಮನೆಯ ಬಸಮ್ಮ ಬಕೆಟ್ಟನ್ನು ಅಲ್ಲೇ ಬಿಟ್ಟು ಓಡಿ ಬಂದಿದ್ದಳು.

ಒಳಗಿರುವುದು ಯಾರೆಂದು ಮನೆಯೊಡತಿ ಸುಬ್ಬಲಕ್ಷ್ಮಮ್ಮನಿಗೆ ಗೊತ್ತಿತ್ತು. ಅವರ ಮಗಳು ಕೃಪಾ.

ಎರಡು ವರ್ಷದ ಹಿಂದೆ ಕೃಪಾಳಿಗೆ ನೀಟ್ ಪರೀಕ್ಷೆಯಲ್ಲಿ ಅಂಕ ಸಾಲಲಿಲ್ಲ. ಒಂದು ವರ್ಷ ಮನೆಯಲ್ಲೇ ಓದಿ ಮತ್ತೆ ಬರೆದರಾಯಿತು, ಅದರಲ್ಲಿ ತಪ್ಪೇನಿದೆ? ಆದರೆ ಹನುಮಂತರಾಯಪ್ಪನವರು ಅವಸರದಲ್ಲಿ ನೆಂಟರಿಗೆಲ್ಲ, ಮಗಳಿಗೆ ಡಾಕ್ಟರ್ ಸೀಟು ಸಿಕ್ಕಿ ಮಂಗಳೂರಿನ ಹಾಸ್ಟೆಲ್ ಸೇರಿದ್ದಾಳೆ ಎಂದು ಹೇಳಿಬಿಟ್ಟಿದ್ದರು. ಮಂಗಳೂರಿನಲ್ಲಿರುವ ಹುಡುಗಿ ಸಿಂಗಸಂದ್ರದಲ್ಲಿ ಕಾಣಿಸಬಾರದಲ್ಲ! ಅವಳನ್ನು ಟೆರೇಸಿನ ಕೋಣೆಗೆ ಸೇರಿಸಿ ಕಿಟಕಿಗೆ ಪೇಪರ್ ಅಂಟಿಸಿದರು. ಪರೀಕ್ಷೆ ಬರೆಸಲು ಮಾತ್ರ ನಸುಕಿನಲ್ಲೇ ಮುಸುಕು ಹೊದಿಸಿ ಕರೆದೊಯ್ದು, ರಾತ್ರಿ ತಂದು ಬಿಡುತ್ತಿದ್ದರು. ಒಂದು ವರ್ಷ ಎರಡಾಯಿತು. ಮಕ್ಕಳಿಗಿಂತ ನೆಂಟರ ಮಾತು ದೊಡ್ಡದಾದ ಇಂಥ ಮನೆಗಳು ನಮ್ಮಲ್ಲಿ ಇನ್ನೆಷ್ಟಿವೆಯೋ, ನೆನೆದರೆ ಹೊಟ್ಟೆ ಉರಿಯುತ್ತದೆ.

ಹೊರಗಿನಿಂದ ಅಗುಳಿ ಹಾಕುತ್ತಿದ್ದವರು ಸುಬ್ಬಲಕ್ಷ್ಮಮ್ಮನೇ. ತಟ್ಟೆ ಇಟ್ಟು ಬರುವಾಗ ಅವರಿಗೆ ಸತ್ತವರಿಗೆ ಎಡೆ ಇಟ್ಟಂತೆ ಅನಿಸುತ್ತಿತ್ತು. ಮೊನ್ನೆ ಮೂರನೇ ಸಲದ ಫಲಿತಾಂಶವೂ ಬಂತು. ಅಂಕ ಮತ್ತೆ ಸಾಲಲಿಲ್ಲ.

“ಇನ್ನೊಂದೇ ವರ್ಷ ಕಣೆ,” ಎಂದರು ಗಂಡ. “ಡಾಕ್ಟ್ರಾದ್ರೆ ಎಲ್ಲಾ ಮರ್ತೋಗ್ತಾಳೆ.”

“ಊಟ ಮುಟ್ತಿಲ್ಲ ಕಣ್ರೀ ಅವ್ಳು. ನಾನು ಮಾತಾಡ್ಸಿದ್ರೆ ಗೋಡೆ ನೋಡ್ತಾಳೆ. ಆಚೆ ಬಿಡಾಣ.”

“ನನ್ನ ಮಾನ ಏನಾಗ್ಬೇಕು? ಜನ ದೆವ್ವ ಅಂದ್ಕೊಂಡ್ರೆ ಇನ್ನೂ ಒಳ್ಳೇದಾಯ್ತು, ಯಾರೂ ಮೇಲಕ್ಕೆ ಬರಲ್ಲ.”

ಆದರೆ ಬಾಡಿಗೆಯವರು ಮನೆ ಖಾಲಿ ಮಾಡುತ್ತೇವೆಂದು ಕೂತರು. ಅವರ ಬಾಯಿ ಮುಚ್ಚಿಸಲು ಹನುಮಂತರಾಯಪ್ಪನವರು ಭಾನುವಾರ ಬೆಳಿಗ್ಗೆ ಪೂಜಾರಿ ಸೊಣ್ಣಪ್ಪನನ್ನು ಕರೆಸಿ, ಎಲ್ಲರೆದುರು ಶಾಂತಿ ಮಾಡಿಸಿದರು. ಸದ್ದು ಮಾಡಬಾರದೆಂದು ಮಗಳಿಗೆ ಮೊದಲೇ ತಾಕೀತಾಗಿತ್ತು.

ಸೊಣ್ಣಪ್ಪ ಹೊಸ್ತಿಲ ಮೇಲೆ ನಿಂಬೆಹಣ್ಣು ಕೊಯ್ದು ಬಾಗಿಲಿಗೆ ಕೂಗಿದ: “ಯಾರವ್ವ ನೀನು? ಸತ್ತು ಎಷ್ಟು ದಿನ ಆಯ್ತು?”

ಒಳಗಿನಿಂದ ತಣ್ಣನೆಯ ದನಿ ಬಂತು.

“ಎರಡು ವರ್ಷ.”

ಜನ ಚೀರಿ ಮೆಟ್ಟಿಲ ಕಡೆ ನುಗ್ಗಿದರು. ಸೊಣ್ಣಪ್ಪನ ಕೈಯಿಂದ ಚಾಕು ಬಿತ್ತು. ಅಡ್ಡ ಬಂದ ಗಂಡನನ್ನು ತಳ್ಳಿ ಸುಬ್ಬಲಕ್ಷ್ಮಮ್ಮ ಅಗುಳಿ ಎಳೆದರು.

“ಓಡ್ಬೇಡ್ರಪ್ಪಾ, ನನ್ನ ಮಗಳು! ಯಾವ ಮಂಗ್ಳೂರಿಗೂ ಓಗಿಲ್ಲ, ಯಾವ ಸೀಟೂ ಸಿಕ್ಕಿಲ್ಲ. ಇಲ್ಲೇ ಇಕ್ಕಿದ್ವಿ, ನಾನೂ ಇವ್ರೂ ಸೇರ್ಕೊಂಡು. ಇನ್ಮೇಲೆ ಓದೋದಿದ್ರೆ ನಿಮ್ಮೆಲ್ರ ಕಣ್ಮುಂದೇನೇ ಓದ್ತಾಳೆ. ಬ್ಯಾಡಾಂದ್ರೆ ಬ್ಯಾಡ.”

ಕೃಪಾ ಬಿಸಿಲಿಗೆ ಕಣ್ಣು ಕಿರಿದು ಮಾಡಿ ಬಾಗಿಲಲ್ಲಿ ನಿಂತಳು. ಹೊಸ್ತಿಲು ದಾಟಲಿಲ್ಲ, ಮೆಟ್ಟಿಲ ಬಳಿ ನಿಂತವರ ಮುಖಗಳನ್ನು ಒಂದೊಂದಾಗಿ ನೋಡಿದಳು.

“ಅಮ್ಮಾ,” ಎಂದು ಪಿಸುಗುಟ್ಟಿದಳು, “ಇವ್ರಿಗೆಲ್ಲ ನಾನು ಕಾಣಿಸ್ತಿದ್ದೀನಾ?”