ಹನಿ ದಪ್ಪ

ಆ ಶೆಡ್ಡಿನಲ್ಲಿ ಏನೇ ಕೆಟ್ಟರೂ ಅದಕ್ಕೆ ಒಂದೇ ಹೆಸರು: ಹನಿ ದಪ್ಪ. ಅಡುಗೆಗೆ ಉಪ್ಪು ಜಾಸ್ತಿಯಾದರೆ ಹನಿ ದಪ್ಪ, ಅಂಗಿಯ ತೋಳು ಗಿಡ್ಡವಾದರೆ ಹನಿ ದಪ್ಪ, ನೆಂಟರ ಮಾತು ವಿಪರೀತವಾದರೂ ಹನಿ ದಪ್ಪವೇ. ಮಾತು ಹುಟ್ಟಿದ್ದು ಮಾತ್ರ ನೀರಿನಿಂದ.

ಸಿನಿಮಾದಲ್ಲಿ ಊರಿಗೆ ಊರೇ ಕೊಚ್ಚಿಹೋಗುವುದನ್ನು ಕಂಡು ನೀವು ಎಂದಾದರೂ ಕುರ್ಚಿಯ ತುದಿಗೆ ಬಂದು ಕೂತಿದ್ದರೆ, ಅದು ನಮ್ಮ ಮೇಸ್ತ್ರಿ ಆ ಶೆಡ್ಡಿನಲ್ಲಿ ಮಂಡಿಯೆತ್ತರಕ್ಕೆ ಕಟ್ಟಿದ ಊರೇ ಇರಬೇಕು. ಮನೆಯನ್ನು ಚಿಕ್ಕದು ಮಾಡಬಹುದು, ಬೀದಿದೀಪವನ್ನು ಚಿಕ್ಕದು ಮಾಡಬಹುದು, ಬಾವಿಯ ರಾಟೆಯನ್ನೂ ಬೆರಳಿನ ಉಗುರಿನಷ್ಟು ಮಾಡಬಹುದು. ನೀರಿನ ಹನಿಯನ್ನು ಚಿಕ್ಕದು ಮಾಡುವುದು ಮಾತ್ರ ಯಾರಪ್ಪನ ಕೈಯಲ್ಲೂ ಆಗುವುದಿಲ್ಲ. ಮಂಡಿಯೆತ್ತರದ ಮನೆಗೆ ಬಡಿದು ಸಿಡಿದ ಹನಿ ತೆರೆಯ ಮೇಲೆ ಕಿತ್ತಳೆ ಹಣ್ಣಿನಷ್ಟು ಕಾಣುತ್ತದೆ. ಯಾಕೆಂದು ತಿಳಿಯದಿದ್ದರೂ ಇದು ಆಟಿಕೆ ಎಂದು ನೋಡುವವನಿಗೆ ಗೊತ್ತಾಗಿಬಿಡುತ್ತದೆ. ಮೇಸ್ತ್ರಿ ಮೂವತ್ತು ವರ್ಷ ಆ ಹನಿಯ ಬೆನ್ನು ಬಿದ್ದಿದ್ದ. ನೀರಿಗೆ ಸೋಪು ಕಲಸಿದ, ದೊಡ್ಡ ಫ್ಯಾನು ಹಚ್ಚಿ ಹನಿ ಒಡೆಸಿದ, ಕ್ಯಾಮೆರಾವನ್ನು ನಾಲ್ಕು ಪಟ್ಟು ಜೋರಾಗಿ ಓಡಿಸಿದ. ಅರ್ಧ ದಪ್ಪ ಇಳಿಯಿತು. ಉಳಿದರ್ಧ ಅವನ ನಿದ್ದೆ ತಿಂದಿತು.

ನಾಳೆ ಬೆಳಿಗ್ಗೆ ಹತ್ತಕ್ಕೆ ಮತ್ತೊಂದು ಊರು ಮುಳುಗಬೇಕಿತ್ತು. ಎಂಟು ತಿಂಗಳ ಕೆಲಸ, ಎಂಬತ್ತನಾಲ್ಕು ಮನೆ. ಹಿತ್ತಿಲ ಹಗ್ಗಗಳ ಮೇಲೆ ಒಣಹಾಕಿದ ಹೆಬ್ಬೆರಳಷ್ಟು ಅಂಗಿಗಳನ್ನು ಹೊಲಿದವಳು ಅವನ ಹೆಂಡತಿ. “ಮುಳುಗಿಸೋದಕ್ಕೆ ಅಂತಾನೇ ನಾನು ಹೊಲಿಬೇಕು, ಎಂಥ ಬಾಳು ನಂದು,” ಎಂದು ಪ್ರತಿ ಸಿನಿಮಾಕ್ಕೂ ಗೊಣಗುತ್ತಿದ್ದಳು, ಪ್ರತಿ ಸಿನಿಮಾಕ್ಕೂ ಗುಂಡಿ ಸಮೇತ ಹೊಲಿಯುತ್ತಿದ್ದಳು. ಈ ಸಲ ಕಣ್ಣು ಮಂಜಾಗಿ ಒಂದೊಂದಕ್ಕೂ ಎರಡು ದಿನ ಹಿಡಿದಿತ್ತು. ಇನ್ನು ಸೂಜಿ ಮುಟ್ಟುವುದಿಲ್ಲ ಎಂದು ಹೇಳಿಯೂ ಆಗಿತ್ತು.

ಅಷ್ಟರಲ್ಲಿ ನಿರ್ದೇಶಕ ಒಂದು ಮಾತು ತೆಗೆದ. ಅದೇ ಪ್ರವಾಹವನ್ನು ಮೇಲಿನ ಮಹಡಿಯಲ್ಲಿ ಕಂಪ್ಯೂಟರಿನಲ್ಲೂ ಮಾಡಿಸಿದ್ದನಂತೆ. “ನೀರಿನ ವಿಷಯಕ್ಕೆ ನಿಮ್ಮ ಕಣ್ಣು ಬಿಟ್ರೆ ನಂಗೆ ಬೇರೆ ಯಾರ ಮೇಲೂ ನಂಬಿಕೆ ಇಲ್ಲ ಮೇಸ್ತ್ರಿ. ನೀವು ಬೇಡ ಅಂದ್ರೆ ಅದು ಬೇಡ. ಸರಿ ಇದೆ ಅಂದ್ರೆ ನಾಳೆ ಶೂಟಿಂಗ್ ಬೇಡ.” ನಾಳೆಯದು ಬೇಡವಾದರೆ ಮುಂದೆ ಯಾವುದೂ ಬೇಕಾಗುವುದಿಲ್ಲ, ಶೆಡ್ಡಿಗೆ ಬೀಗವೇ ಎಂಬುದು ಇಬ್ಬರಿಗೂ ಗೊತ್ತಿತ್ತು. ತಪ್ಪು ಹುಡುಕಿಯೇ ತೀರುತ್ತೇನೆಂದು ಟೊಂಕ ಕಟ್ಟಿಕೊಂಡು ಮೇಸ್ತ್ರಿ ಮೆಟ್ಟಿಲು ಹತ್ತಿದ.

ಕಂಪ್ಯೂಟರಿನ ಮುಂದೆ ಕೂತವಳು ಹೊರಗಿನವಳೇನಲ್ಲ, ಅವನ ತಂಗಿಯ ಮಗಳು. ನಡೆಯಲು ಕಲಿತದ್ದೇ ಅವನ ಊರುಗಳ ಬೀದಿಯಲ್ಲಿ. ಎರಡು ಮನೆ ತುಳಿದು ಮುರಿದು ಬೈಸಿಕೊಂಡವಳು.

“ಬೈಬೇಡಿ ಮಾವ, ಮೊದ್ಲು ನೋಡಿ.”

“ಬೈಯೋದು ನೋಡಿದ ಮೇಲೇನೇ.”

ಪರದೆ ಎಳೆದ ಕೋಣೆಯಲ್ಲಿ, ಗೋಡೆಯ ತೆರೆಯ ಮೇಲೆ, ಅವನದೇ ಊರು ಬಂದು ನಿಂತಿತು. ಹೋದ ವಾರ ಇವಳು ಶೆಡ್ಡಿನ ಮೂಲೆಮೂಲೆಯ ಫೋಟೋ ಹೊಡೆದುಕೊಂಡದ್ದು ಇದಕ್ಕೇ ಏನು ಎಂದುಕೊಂಡ. ಆಮೇಲೆ ನೀರು ಬಂತು. ಬೀದಿ ತಿರುಗಿತು, ಗೋಡೆ ಹತ್ತಿತು, ಕಿಟಕಿಯಲ್ಲಿ ನುಗ್ಗಿ ಬಾಗಿಲಲ್ಲಿ ಹೊರಬಿತ್ತು. ಪೈಪು ಹಾಕಿ, ಹಲಗೆ ಅಡ್ಡವಿಟ್ಟು, ಕೈಮುಗಿದು ಬೇಡಿಕೊಂಡರೂ ಅವನ ಮಾತು ಕೇಳದ ನೀರು, ಇವಳ ಮಾತು ಕೇಳಿತ್ತು. ಅವನ ಮೈ ಜುಮ್ಮೆಂದಿತು. ಕಟ್ಟಿದ ಟೊಂಕ ಎಲ್ಲಿ ಸಡಿಲವಾಯಿತೋ ತಿಳಿಯಲಿಲ್ಲ.

“ಇನ್ನೊಂದ್ಸಲ,” ಎಂದ. ಮೂರನೆಯ ಸಲ ಕಂಡಿತು. ಮೂಲೆಮನೆಗೆ ಬಡಿದು ಸಿಡಿದ ಹನಿ ದಪ್ಪಗಿತ್ತು. ಅವನ ಹನಿಯಷ್ಟೇ, ಕೂದಲೆಳೆಯೂ ಹೆಚ್ಚುಕಮ್ಮಿಯಿಲ್ಲ. ಹೊಟ್ಟೆಗೆ ಹಾಲು ಹೊಯ್ದಂತಾಯಿತು.

“ಹನಿ ದಪ್ಪ,” ಎಂದ.

ಹಿಂದೆ ನಿಂತಿದ್ದ ನಿರ್ದೇಶಕನಿಗೆ ಶೆಡ್ಡಿನ ಭಾಷೆ ಬಾರದು. “ಅಂದ್ರೆ ಚೆನ್ನಾಗಿಲ್ವಾ? ಹಾಗಿದ್ರೆ ನಾಳೆ ನಿಮ್ಮದೇ ತೆಗೆಯೋಣ. ಹೂಂ ಅನ್ನಿ ಸಾಕು.”

ಹುಡುಗಿಯ ಮುಖ ಬಿಳಿಚಿಕೊಂಡಿತು. “ಇಲ್ಲ ಮಾವ, ಅಳತೆ ಹಾಕಿಯೇ ಇಟ್ಟಿದ್ದು. ನಿಮ್ಮ ಸಿನಿಮಾಗಳನ್ನ ಒಂದೊಂದೇ ಫ್ರೇಮ್ ನಿಲ್ಲಿಸಿ ಹನಿ ಅಳೆದಿದ್ದೀನಿ. ನೀರು ಸಿಡಿಯೋದೇ ಹಾಗಲ್ವಾ?”

ಆಗ ಮೇಸ್ತ್ರಿಗೆ ಹೊಳೆಯಿತು. ಉಪ್ಪಿಗೂ ಅಂಗಿಗೂ ನೆಂಟರಿಗೂ ‘ಹನಿ ದಪ್ಪ’ ಎನ್ನುವುದನ್ನು ಕೇಳಿಯೇ ಬೆಳೆದವಳು ಇವಳು. ಅದು ನಿಜಕ್ಕೂ ಹನಿಯ ಮಾತೆಂದು ಇವಳಿಗೆ ಯಾರೂ ಹೇಳಿರಲಿಲ್ಲ. ಅವನು ಮೂವತ್ತು ವರ್ಷ ಮುಚ್ಚಿಡಲು ಹೆಣಗಿದ ತಪ್ಪನ್ನೇ, ಮಾವ ಮಾಡಿದ್ದೆಂದ ಮೇಲೆ ಸರಿಯೇ ಇರಬೇಕೆಂದು ನಂಬಿ, ಅಳೆದು ತಂದು ಇಟ್ಟಿದ್ದಳು. ಹೂಂ ಎನ್ನುವುದು ನಾಲಿಗೆಯ ತುದಿಯಲ್ಲಿತ್ತು. ಹಾಗೆಂದಿದ್ದರೆ ಶೆಡ್ಡು ಉಳಿಯುತ್ತಿತ್ತು. ಆದರೆ ಇವಳು ಜೀವನಪೂರ್ತಿ ಅದೇ ಹನಿಯನ್ನು ನಂಬಿಕೊಂಡಿರುತ್ತಿದ್ದಳು.

“ತಪ್ಪು ಅವಳದಲ್ಲ, ನಂದು,” ಎಂದ ನಿರ್ದೇಶಕನಿಗೆ. ಆಮೇಲೆ ಹುಡುಗಿಯ ಕಡೆ ತಿರುಗಿ, “ಆ ಹನಿ ಚಿಕ್ಕದು ಮಾಡೋಕಾಗುತ್ತೇನೇ?” ಎಂದ.

“ಎಷ್ಟು ಚಿಕ್ಕದು?”

ಹುಟ್ಟಿದಾಗಿನಿಂದ ಈ ಪ್ರಶ್ನೆಯನ್ನು ಅವನಿಗೆ ಯಾರೂ ಕೇಳಿರಲಿಲ್ಲ. “ಆಗುತ್ತಾ ಅಂತ ಕೇಳಿದ್ರೆ ಎಷ್ಟು ಅಂತೀಯಲ್ಲೇ,” ಎಂದ. “ಹನ್ನೆರಡರಲ್ಲಿ ಒಂದು ಪಾಲು. ಮನೆ ಎಷ್ಟು ಇಳಿದಿದೆಯೋ ಅಷ್ಟು.”

ಒಂದು ಬೀದಿಯನ್ನಷ್ಟೇ ಮಾಡುತ್ತೇನೆ, ಕಂಪ್ಯೂಟರಿಗೆ ಒಂದು ಗಂಟೆ ಬೇಕು ಎಂದಳು. ಆ ಒಂದು ಗಂಟೆ ಮೇಸ್ತ್ರಿ ಹೆರಿಗೆ ಕೋಣೆಯ ಹೊರಗೆ ಕಾಯುವವನಂತೆ ಕೈಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು ಕೂತಿದ್ದ. ಆಗದಿರಲಿ ಎಂದು ಬಯಸುತ್ತಿದ್ದನೋ ಆಗಲಿ ಎಂದೋ ಅವನಿಗೇ ಗೊತ್ತಿರಲಿಲ್ಲ.

ಅದೇ ಬೀದಿ, ಅದೇ ನೀರು. ಮೂಲೆಮನೆಗೆ ಬಡಿದದ್ದು ಈ ಸಲ ಹನಿಯಾಗಿ ಸಿಡಿಯಲಿಲ್ಲ, ಹೊಗೆಯಂತೆ ಎದ್ದಿತು. ಇಷ್ಟೇ ಆದದ್ದು. ಇಷ್ಟಕ್ಕೇ ಮಂಡಿಯೆತ್ತರದ ಗೋಡೆ ಮೂರಾಳೆತ್ತರವಾಯಿತು, ನೀರು ನದಿಯಾಯಿತು. ಮೇಸ್ತ್ರಿ ತನಗರಿವಿಲ್ಲದೆ ಕಾಲುಗಳನ್ನು ಕುರ್ಚಿಯ ಮೇಲಕ್ಕೆ ಎಳೆದುಕೊಂಡ. ಆ ಮನೆಗಳೊಳಗೆ ಜನ ಇದ್ದಾರೆ, ಓಡಿ ಎಂದು ಯಾರಾದರೂ ಕೂಗಬಾರದೇ ಎನ್ನಿಸಿತು. ಕಟ್ಟಿದವನು ತಾನೇ, ಪ್ರತಿ ಇಟ್ಟಿಗೆಯ ಗುರುತು ಬಲ್ಲವನು, ಆದರೂ ಭಯವಾಯಿತು. ಹಿತ್ತಿಲ ಹಗ್ಗದ ಅಂಗಿಗಳು ತೋಳು ಬೀಸುತ್ತ ಮುಳುಗುವಾಗ ಅವನ ಕಣ್ಣಲ್ಲಿ ನೀರು ಬಂತು. ಮೂವತ್ತು ವರ್ಷ ಹುಡುಕಿದ್ದನ್ನು ಕಣ್ಣಾರೆ ಕಂಡ ಸಂತೋಷ ಅದು.

“ಈಗ ಹೇಗಿದೆ?” ನಿರ್ದೇಶಕ ಕೇಳಿದ.

“ಸರಿ ಇದೆ. ನಾಳೆ ಶೂಟಿಂಗ್ ಬೇಡ.” ಕಂಡದ್ದನ್ನು ಕಂಡಿಲ್ಲ ಎನ್ನಲು ಅವನಿಗೆ ಬಾಯಿ ಬರಲಿಲ್ಲ.

“ಮಾವ, ಶೆಡ್ಡು…” ಹುಡುಗಿ ಕುರ್ಚಿಯಿಂದ ಎದ್ದಳು.

“ಸುಮ್ನಿರೇ. ಇನ್ನೊಂದ್ಸಲ ಹಾಕು.”

ಕೆಳಗೆ ಶೆಡ್ಡಿನಲ್ಲಿ ಹೆಂಡತಿ ಕೊನೆಯ ಅಂಗಿಯನ್ನು ಹಗ್ಗಕ್ಕೆ ಸಿಕ್ಕಿಸುತ್ತಿದ್ದಳು. “ಏನಾಯ್ತು ರೀ?”

“ಹನಿ ಸಣ್ಣದಾಯ್ತು ಕಣೇ.”

ಅವಳ ಕೈ ಅಲ್ಲೇ ನಿಂತಿತು. ಆ ಮಾತಿನ ಜೊತೆ ಅವಳೂ ಮೂವತ್ತು ವರ್ಷ ಸಂಸಾರ ಮಾಡಿದವಳು. “ನಮ್ಮ ಹುಡುಗಿ ಮಾಡಿದ್ಲಾ?”

“ನಮ್ಮ ಹುಡುಗೀನೇ.”

ಮೇಸ್ತ್ರಿ ಹೋಗಿ ದೊಡ್ಡ ತೊಟ್ಟಿಯ ನಲ್ಲಿ ತಿರುಗಿಸಿದ. ಎಂಬತ್ತನಾಲ್ಕು ಮನೆಗಳ ಮೇಲೆ ಬೀಳಬೇಕಿದ್ದ ನೀರು ಚರಂಡಿಗೆ ಹರಿಯಿತು. ಇಲ್ಲಿಯವರೆಗೆ ತಾನು ಕಟ್ಟಿದ ಯಾವ ಊರಿಗೂ ನಾಳೆ ಎಂಬುದು ಇದ್ದದ್ದನ್ನು ಅವನು ಕಂಡಿರಲಿಲ್ಲ.

ಹೆಂಡತಿ ಹಗ್ಗದುದ್ದಕ್ಕೂ ಬೆರಳಾಡಿಸಿ ಎಣಿಸಿದಳು. “ಒಂದೂ ಹೋಗ್ಲಿಲ್ಲ ಹಾಗಾದ್ರೆ.”

“ಎಲ್ಲಾ ಹೋದ್ವು ಕಣೇ. ಮುಳುಗೋದನ್ನ ನೋಡಿ ಅತ್ತು ಬಂದಿದ್ದೀನಿ ನಾನು.”

ಅವಳು ಕನ್ನಡಕ ಒರೆಸಿಕೊಂಡು ಅವನ ಮುಖ ನೋಡಿದಳು. ಆಮೇಲೆ ಒಂದು ಅಂಗಿಯನ್ನು ಎರಡು ಬೆರಳಲ್ಲಿ ಹಿಡಿದು ಅದುಮಿ ನೋಡಿದಳು. ಅದು ಒಣಗಿಯೇ ಇತ್ತು.