ಮೇಲಿನ ಜಾಗ

"ಮಗ್ಗ ನಿಲ್ಸ್ರೀ, ಆ ಹುಡುಗಿ ಏನೋ ಹೇಳ್ತಿದಾಳೆ," ಎಂದು ಮುನಿರತ್ನಮ್ಮ ಗಂಡನ ಕಿವಿಯ ಹತ್ತಿರ ಬಂದು ಕೂಗಿದಳು. ವೆಂಕಟರಮಣಪ್ಪ ಎರಡೂ ವಿದ್ಯುತ್ ಮಗ್ಗ ನಿಲ್ಲಿಸಿದ. ಬಾಗಿಲಲ್ಲಿ ನಿಂತಿದ್ದವಳು ನಗರ ಯೋಜನಾ ಕಚೇರಿಯ ಇಂಜಿನಿಯರ್ ಅಕ್ಷತ. ಕೈಯಲ್ಲಿ ದೊಡ್ಡಬಳ್ಳಾಪುರದ ನಕ್ಷೆ ಇತ್ತು.

"ರಸ್ತೆಗೆ ಈ ಕಡೆ ಹನ್ನೆರಡು ಅಡಿ ಬೇಕು ಸರ್. ನೀವಾಗೇ ಬಿಟ್ಕೊಟ್ರೆ ಒಂದು ಹಕ್ಕುಪತ್ರ ಕೊಡ್ತೀವಿ. ಬಿಟ್ಟ ಜಾಗದ ಎರಡರಷ್ಟನ್ನ ಮೇಲೆ ಕಟ್ಕೋಬೋದು, ನಿಯಮಕ್ಕಿಂತ ಜಾಸ್ತಿನೇ."

ಹನ್ನೆರಡು ಅಡಿ ಎಂದರೆ ಮಗ್ಗದ ಕೋಣೆಯೇ.

"ಮಗ್ಗನ ಮಹಡಿ ಮೇಲೆ ಇಡೋಕಾಗಲ್ಲಮ್ಮ. ನೆಲದ ಮೇಲೆ ಓಡಿದ್ರೇ ಪಕ್ಕದ ಮನೆ ಪಾತ್ರೆ ಅಲ್ಲಾಡ್ತವೆ. ಇದು ಮಣ್ಣಿನ ಗೋಡೆ."

"ಹಾಗಾದ್ರೆ ಆ ಹಕ್ಕನ್ನ ಮಾರ್ಬೋದು ಸರ್."

"ಏನನ್ನ ಮಾರ್ಲಿ?"

"ಮೇಲೆ ಕಟ್ಟೋ ಹಕ್ಕನ್ನ."

"ಯಾವುದರ ಮೇಲೆ?"

ಅಕ್ಷತ ನಕ್ಷೆಯಲ್ಲಿ ಹಳದಿ ಬಳಿದ ಭಾಗ ತೋರಿಸಿದಳು. ಬೈಪಾಸ್ ಕಡೆ ಊರು ಬೆಳೆಯಬೇಕು, ಅಲ್ಲಿ ಕಟ್ಟುವವರು ಇಂಥ ಪತ್ರ ಕೊಂಡರೆ ಹೆಚ್ಚು ಅಂತಸ್ತು ಏರಿಸಬಹುದು ಎಂದಳು. ಬೇಸರಿಸದೆ ಎರಡು ಸಲ ಹೇಳಿದಳು. ಎರಡು ಸಲವೂ ಅವನು ತಲೆಯಾಡಿಸಿದ. ಅವಳು ಹೋದ ಮೇಲೆ ಹೆಂಡತಿಯನ್ನು ಕೇಳಿದ: "ನಿಂಗೇನಾದ್ರೂ ಅರ್ಥ ಆಯ್ತಾ?"

"ರಸ್ತೆ ಆಗುತ್ತೆ ಅನ್ನೋದು ಅರ್ಥ ಆಯ್ತು."

ಬೀದಿಯಲ್ಲಿ ವಿಚಾರಿಸಿದ. ಸಹಿ ಹಾಕಬೇಡ ಎಂದರು ಕೆಲವರು. ಹಾಕದಿದ್ದರೂ ಜಾಗ ಹೋಗುತ್ತದೆ, ಆ ಪತ್ರವೂ ಸಿಗುವುದಿಲ್ಲ ಎಂದರು ಇನ್ನು ಕೆಲವರು. ಹಿಂದಿನ ವರ್ಷ ಎದುರು ಮನೆಯ ಪಾಪಯ್ಯನಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಗಲ್ಲಿಯೊಳಗೆ ಬರಲಾಗದೆ, ವೆಂಕಟರಮಣಪ್ಪನೂ ಸೇರಿ ನಾಲ್ವರು ಅವನನ್ನು ಮಂಚದ ಸಮೇತ ಹೊತ್ತಿದ್ದರು. ಮುಖ್ಯರಸ್ತೆ ತಲುಪುವಷ್ಟರಲ್ಲಿ ಪಾಪಯ್ಯ ಮಾತು ನಿಲ್ಲಿಸಿದ್ದ. ಉಳಿದದ್ದೇನೂ ತಿಳಿಯದಿದ್ದರೂ ಅದೊಂದನ್ನು ನೆನೆದು ವೆಂಕಟರಮಣಪ್ಪ ಸಹಿ ಹಾಕಿದ.

ಮುಂಭಾಗ ಕೆಡವಿದರು. ಒಂದು ಮಗ್ಗ ಅಡಿಗೆಮನೆಗೆ ಬಂತು, ಒಲೆ ಹಿತ್ತಿಲಿಗೆ ಹೋಯಿತು. ಇನ್ನೊಂದು ಮಗ್ಗಕ್ಕೆ ಜಾಗವಿಲ್ಲದೆ ಯಾರಿಗೋ ಮಾರಿದರು. ಹಕ್ಕುಪತ್ರ ಬಂದಾಗ ಮುನಿರತ್ನಮ್ಮ ಅದನ್ನು ರೇಷನ್ ಕಾರ್ಡಿನ ಜೊತೆ ಇಟ್ಟಳು. ಕೆಲವು ತಿಂಗಳಾದ ಮೇಲೆ ದಲ್ಲಾಳಿ ಬೈರೇಶ್ ಬಂದು, ಬೈಪಾಸ್ ಹತ್ತಿರ ಕಟ್ಟುತ್ತಿದ್ದವರೊಬ್ಬರಿಗೆ ಅದನ್ನು ಕೊಡಿಸಿದ. ಬಂದ ಹಣದಲ್ಲಿ ಹಿತ್ತಿಲಿಗೆ ಸೂರು ಹಾಕಿಸಿದರು.

ಎರಡು ವರ್ಷದ ಬಳಿಕ ಒಂದು ಭಾನುವಾರ ವೆಂಕಟರಮಣಪ್ಪ, "ಅದನ್ನ ನೋಡ್ಕೊಂಡು ಬರೋಣ ಬಾ," ಎಂದ. ಏನನ್ನು ಎಂದು ಮುನಿರತ್ನಮ್ಮ ಕೇಳಲಿಲ್ಲ. ಬೈಪಾಸ್ ಹತ್ತಿರದ ಆ ಕಟ್ಟಡಕ್ಕೆ ಆಟೋದಲ್ಲಿ ಹೋದರು.

ಗೇಟಿನಲ್ಲಿ ಕಾವಲುಗಾರ ತಡೆದ. "ಯಾರ ಮನೆಗೆ?"

"ಮನೆಗಲ್ಲ. ಆ ಮೇಲಿನ ಅಂತಸ್ತು ನಮ್ದು."

"ನಿಮ್ದಾ? ಯಾವ ಫ್ಲ್ಯಾಟು?"

"ಫ್ಲ್ಯಾಟಲ್ಲಪ್ಪ. ಜಾಗ ನಮ್ದಲ್ಲ, ಕಟ್ಟಿದ್ದೂ ನಾವಲ್ಲ. ಆ ಎತ್ತರ ಇದ್ಯಲ್ಲ..." ವೆಂಕಟರಮಣಪ್ಪ ತಡವರಿಸಿದ. "ಅದು ನಮ್ದಿತ್ತು."

ಕಾವಲುಗಾರ ಮುನಿರತ್ನಮ್ಮನ ಮುಖ ನೋಡಿದ. "ಸುಮ್ನೆ ನೋಡೋಕೆ ಬಂದ್ವಿ ಕಣಪ್ಪ," ಎಂದಳು ಅವಳು.

ಇಬ್ಬರೂ ರಸ್ತೆಯಾಚೆ ಹೋಗಿ ನಿಂತರು. ಎಲ್ಲಕ್ಕಿಂತ ಮೇಲಿನ ಬಾಲ್ಕನಿಗೆ ಹೆಂಗಸೊಬ್ಬಳು ಮಗುವನ್ನು ಎತ್ತಿಕೊಂಡು ಬಂದಳು. ತುತ್ತು ಕೊಡುತ್ತ, ಕೆಳಗೆ ನಿಂತಿದ್ದ ಇವರ ಕಡೆ ಬೆರಳು ತೋರಿಸಿದಳು. ಮಗು ಕೈಬೀಸಿತು. ವೆಂಕಟರಮಣಪ್ಪ ಒಮ್ಮೆ ಹಿಂದೆ ತಿರುಗಿ ನೋಡಿದ. ಯಾರೂ ಇರಲಿಲ್ಲ. ಆಮೇಲೆ ನಿಧಾನವಾಗಿ, ಎದೆಯ ಮಟ್ಟದವರೆಗಷ್ಟೇ ಕೈ ಎತ್ತಿದ.